ಬಿಡದಿಯ ಕಾರು, ಕರಾವಳಿಯ ಕುಟುಂಬ

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕೊಲ್ಲೂರಿಗೆ ಹೋಗುವವರು, ಭಟ್ಕಳದಿಂದ ಮಂಗಳೂರಿಗೆ ಮದುವೆಗೆ ಹೊರಟವರು, ಗಲ್ಫ್‌ನಿಂದ ಬಂದವರನ್ನು ವಿಮಾನ ನಿಲ್ದಾಣದಿಂದ ಕರೆತರುವವರು ಇಲ್ಲಿ ಒಂದು ಗಳಿಗೆ ಗಾಡಿ ನಿಲ್ಲಿಸುತ್ತಾರೆ. ಆ ಗಾಡಿಗಳ ಸಾಲಿನಲ್ಲಿ ಇನ್ನೋವಾ ಇದ್ದೇ ಇರುತ್ತದೆ. ಬಾಗಿಲು ತೆರೆದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಮೂರು ತಲೆಮಾರು ಇಳಿಯುತ್ತದೆ. ನಾವು ಅದನ್ನು ಜಪಾನಿನ ಕಾರು ಎನ್ನುತ್ತೇವೆ. ಆದರೆ ಅದು ತಯಾರಾಗುವುದು ನಮ್ಮದೇ ರಾಜ್ಯದ ಬಿಡದಿಯಲ್ಲಿ. ಅದರ ಬೇರು ಇರುವುದು ಇಂಡೋನೇಷ್ಯಾದಲ್ಲಿ. ಕುಟುಂಬಕ್ಕೆಂದು ರೂಪುಗೊಂಡ ಈ ಗಾಡಿಯ ಇತಿಹಾಸವೆಂದರೆ, ನಾವು ಮನೆಮಂದಿಯಲ್ಲಿ ಯಾರನ್ನು ಎಲ್ಲಿ ಕೂರಿಸಿದೆವು ಎಂಬುದರ ಇತಿಹಾಸವೂ ಹೌದು.

ಬೆಂಚಿನಂಥ ಸೀಟಿನ ಕಾಲ

ಅದಕ್ಕೂ ಮೊದಲು ನಮ್ಮಲ್ಲಿ ಕುಟುಂಬದ ಕಾರು ಎಂದರೆ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಆ ಕಾರಿನ ಗೇರು ಸ್ಟಿಯರಿಂಗ್‌ನ ಕಂಬಕ್ಕೇ ಅಂಟಿಕೊಂಡಿರುತ್ತಿತ್ತು. ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿದ್ದುದರಿಂದ ಚಾಲಕನ ಪಕ್ಕದಲ್ಲೇ ಇಬ್ಬರು ಕೂರಬಹುದಿತ್ತು. ಹಿಂದೆ ಎಷ್ಟು ಮಂದಿ ಎಂಬುದನ್ನು ಕಾರಲ್ಲ, ಮನೆಯ ಹಿರಿಯರು ತೀರ್ಮಾನಿಸುತ್ತಿದ್ದರು!

ಇದು ನಮ್ಮ ದೇಶದ ಸಂಗತಿ ಮಾತ್ರವಲ್ಲ. ಆಸ್ಟ್ರೇಲಿಯಾದಲ್ಲಿ 1948ರಲ್ಲಿ ಹೊರಬಂದ ಹೋಲ್ಡನ್ ಕಾರಿಗೂ ಹಿಂದೆ ಮುಂದೆ ಬೆಂಚಿನಂಥ ಸೀಟುಗಳೇ ಇದ್ದವು. ಆರು ಮಂದಿಯ ಸಂಸಾರ ಧೂಳಿನ ದೂರದಾರಿಯನ್ನು ಸವೆಸಲು ಅದು ತಕ್ಕುದಾಗಿತ್ತು. ಕಾಲಾಂತರದಲ್ಲಿ ಅಲ್ಲಿ ಫೋರ್ಡ್ 2016ರಲ್ಲಿ, ಟೊಯೋಟಾ ಮತ್ತು ಹೋಲ್ಡನ್ 2017ರಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸಿದವು. ನಮ್ಮ ಅಂಬಾಸಿಡರ್ 2014ರಲ್ಲೇ ನಿಂತಿತ್ತು.

ಜಿಂಕೆಯ ಹೆಸರಿನ ಗಾಡಿ

1977ರಲ್ಲಿ ಟೊಯೋಟಾ ಇಂಡೋನೇಷ್ಯಾದಲ್ಲಿ ‘ಕಿಜಾಂಗ್’ ಎಂಬ ಸರಳವಾದ ಪಿಕಪ್ ಗಾಡಿಯನ್ನು ಹೊರತಂದಿತು. ಕಿಜಾಂಗ್ ಎಂದರೆ ಅಲ್ಲಿನ ಭಾಷೆಯಲ್ಲಿ ಒಂದು ಬಗೆಯ ಜಿಂಕೆ. ಚಪ್ಪಟೆ ತಗಡನ್ನು ಬಾಗಿಸಿ ಮೈ ಕಟ್ಟಬಹುದಾದಷ್ಟು ಸುಲಭದ ವಿನ್ಯಾಸ ಅದರದು. ಸಾಮಾನು ಹೊರುವ ಆ ಗಾಡಿಯ ಮೇಲೆ ಜನ ಸೀಟು ಜೋಡಿಸಿಕೊಂಡರು. ನಿಧಾನವಾಗಿ ಅದು ದೊಡ್ಡ ಸಂಸಾರದ ಗಾಡಿಯಾಯಿತು.

1997ರಲ್ಲಿ ಕಿರ್ಲೋಸ್ಕರ್ ಸಮೂಹದೊಂದಿಗೆ ಕೈಜೋಡಿಸಿದ ಟೊಯೋಟಾ, ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರ್ಖಾನೆ ತೆರೆಯಿತು. 2000ದ ಆರಂಭದಲ್ಲಿ ಅಲ್ಲಿಂದ ಬಂದ ಮೊದಲ ಗಾಡಿಯೇ ಕ್ವಾಲಿಸ್. ಅದು ಕಿಜಾಂಗ್‌ನ ಮೂರನೆಯ ಪೀಳಿಗೆಯ ರೂಪಾಂತರ. ನೋಡಲು ಪೆಟ್ಟಿಗೆಯಂತಿದೆ, ಹಳೆಯ ಮಾಲು ಎಂದು ಮೂಗು ಮುರಿದವರಿದ್ದರು. ಆದರೆ ಬಾಡಿಗೆ ಕಾರಿನವರು ಲೆಕ್ಕ ಹಾಕಿದ್ದು ಬೇರೆ ರೀತಿ. 2446 ಸಿಸಿಯ ಡೀಸೆಲ್ ಎಂಜಿನ್, ಏಣಿಯಂಥ ಗಟ್ಟಿ ಚಾಸಿ, ಹಿಂದೆ ಲಾರಿಗಳಿಗಿರುವಂಥ ಪ್ಲೇಟು ಸ್ಪ್ರಿಂಗು. ಹತ್ತು ಸೀಟಿನ ಮಾದರಿಯಲ್ಲಿ ಹಿಂಬದಿಗೆ ಎದುರುಬದುರಾದ ಎರಡು ಬೆಂಚುಗಳು. ಒಂದೇ ಬಾಡಿಗೆಯಲ್ಲಿ ಇಡೀ ಮನೆ ಹೊರಡಬಹುದಿತ್ತು. ಹೊಂಡ ಬಿದ್ದ ಮಳೆಗಾಲದ ರಸ್ತೆಗೂ ಅದು ಬಗ್ಗುವಂತಿರಲಿಲ್ಲ.

ಸರಕಿನಿಂದ ಸುಖದ ಕಡೆಗೆ

2005ರಲ್ಲಿ ಕ್ವಾಲಿಸ್ ನಿಂತು ಇನ್ನೋವಾ ಬಂತು. ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ಕಂಪೆನಿಯೇ ನಿಲ್ಲಿಸಿದ್ದು ಹಲವರಿಗೆ ಅಚ್ಚರಿ. ಚಾಸಿ ಏಣಿಯಾಕಾರದ್ದೇ ಆಗಿ ಉಳಿಯಿತು. ಆದರೆ ಹಿಂದಿನ ಪ್ಲೇಟುಗಳ ಜಾಗಕ್ಕೆ ಕಾಯಿಲ್ ಸ್ಪ್ರಿಂಗು ಬಂತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2750 ಮಿಲಿಮೀಟರ್ ಆಯಿತು. ಹಿಂದೆ ಕೂತವರಿಗೂ ತಣ್ಣನೆಯ ಗಾಳಿ ತಲುಪುವಂತೆ ಚಾವಣಿಯಲ್ಲಿ ಎಸಿ ಕಿಂಡಿಗಳಿದ್ದವು. ಎಲ್ಲರ ಮುಖವೂ ಮುಂದಕ್ಕೇ ತಿರುಗಿತು.

ಮರುವರ್ಷ, 2006ರಲ್ಲಿ, ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರಿತು. ಅದುವರೆಗೆ ಮುಂಬಯಿ ದಾರಿ ಹಿಡಿಯುತ್ತಿದ್ದ ಕರಾವಳಿಯ ಎಷ್ಟೋ ಮಂದಿಗೆ ಬಜ್ಪೆಯೇ ಬಾಗಿಲಾಯಿತು. ಕುಂದಾಪುರ, ಗಂಗೊಳ್ಳಿ, ಬೈಂದೂರು, ಭಟ್ಕಳಗಳಿಂದ ಅಲ್ಲಿಗೆ ಮನೆಮಂದಿಯೆಲ್ಲ ಹೊರಡುವುದು ರೂಢಿಯಾಯಿತು. ಇಲ್ಲೊಂದು ಕೊರತೆಯನ್ನೂ ಹೇಳಬೇಕು. ಮೂರನೆಯ ಸಾಲಿನ ಸೀಟು ಬಿಡಿಸಿದರೆ ಡಿಕ್ಕಿಯಲ್ಲಿ ಜಾಗವೇ ಉಳಿಯುವುದಿಲ್ಲ. ಎಂಟು ಮಂದಿ ಹಿಡಿಸುತ್ತಾರೆ, ಅವರ ಪೆಟ್ಟಿಗೆಗಳು ಹಿಡಿಸುವುದಿಲ್ಲ. ಹಾಗಾಗಿ ಪೆಟ್ಟಿಗೆಗಳು ಮೇಲಿನ ಕ್ಯಾರಿಯರ್ ಏರಿದವು. ಮೊದಲೇ ಎತ್ತರದ ಗಾಡಿಗೆ ತಲೆಭಾರ ಹೆಚ್ಚಿದರೆ ತಿರುವಿನಲ್ಲಿ ವಾಲುವ ಅಪಾಯವೂ ಹೆಚ್ಚುತ್ತದೆ.

2016ರಲ್ಲಿ ಕ್ರಿಸ್ಟಾ ಬಂತು. 2022ರ ನವೆಂಬರಿನಲ್ಲಿ ಅನಾವರಣಗೊಂಡ ಹೈಕ್ರಾಸ್ ಪರಂಪರೆಯನ್ನೇ ಮುರಿಯಿತು. ಏಣಿಯಂಥ ಚಾಸಿ ಹೋಗಿ ಮೈಯೇ ಚೌಕಟ್ಟಾಯಿತು, ಎಳೆಯುವ ಶಕ್ತಿ ಮುಂದಿನ ಚಕ್ರಗಳಿಗೆ ಬಂತು, ಡೀಸೆಲ್ ಬದಲು ಪೆಟ್ರೋಲ್ ಮತ್ತು ಪೆಟ್ರೋಲ್-ವಿದ್ಯುತ್ ಹೈಬ್ರಿಡ್ ಎಂಜಿನ್‌ಗಳು ಬಂದವು. ಸರಕು ಗಾಡಿಯ ರಕ್ತಸಂಬಂಧ ಅಲ್ಲಿಗೆ ಕಡಿಯಿತು.

ಕೊನೆಯ ಸಾಲಿನವರು

ಈ ನಾಲ್ಕೂ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಕ್ರಮ ಕಾಣುತ್ತದೆ. ಮೊದಲು ಎಣಿಸಿದ್ದು ತಲೆಗಳನ್ನು, ಆಮೇಲೆ ಸುಖವನ್ನು, ಎಲ್ಲಕ್ಕಿಂತ ತಡವಾಗಿ ಜೀವರಕ್ಷಣೆಯನ್ನು. ಕ್ವಾಲಿಸ್‌ನಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಕ್ರಿಸ್ಟಾದ ಎಲ್ಲ ಮಾದರಿಗಳಿಗೂ ಕನಿಷ್ಠ ಮೂರು ಬಂದವು. ಕಾರ್ಖಾನೆ ತಡವಾಗಿಯಾದರೂ ಕಲಿಯಿತು. ನಾವು ಕಲಿತೆವೇ?

ನಮ್ಮ ಮನೆಗಳಲ್ಲಿ ಮುಂದಿನ ಸೀಟು ಗಂಡಸರಿಗೆ, ನಡುವಿನ ಸಾಲು ಹಿರಿಯರಿಗೆ. ಹತ್ತಿ ಇಳಿಯಲು ಕಷ್ಟವಾದ ಕೊನೆಯ ಸಾಲು ಮಕ್ಕಳಿಗೆ ಮತ್ತು ಮಗುವನ್ನು ಮಡಿಲಲ್ಲಿಟ್ಟ ಸೊಸೆಯಂದಿರಿಗೆ. ಬೆಲ್ಟ್ ಕಟ್ಟುವವರು ಮುಂದಿನ ಇಬ್ಬರು, ಅದೂ ಪೊಲೀಸರ ಭಯಕ್ಕೆ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದ ಇಬ್ಬರೂ ಉಳಿಯಲಿಲ್ಲ. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡು ಬದುಕಿದರು. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡ ಎನ್ನುತ್ತದೆ. ಅದನ್ನು ಬಲ್ಲ ಮನೆಗಳೆಷ್ಟು?

ಮಡಿಲು ಮಗುವಿಗೆ ಮಮತೆಯ ಜಾಗ, ನಿಜ. ಆದರೆ ಬ್ರೇಕು ಬಿದ್ದ ಕ್ಷಣದಲ್ಲಿ ಎಂಥ ತಾಯಿಯ ತೋಳಿಗೂ ಆ ರಭಸವನ್ನು ತಡೆಯುವ ಬಲವಿಲ್ಲ. ಬಿಡದಿಯ ಕಾರ್ಖಾನೆ ಸೀಟು ಕೊಟ್ಟಿದೆ, ಬೆಲ್ಟ್ ಕೊಟ್ಟಿದೆ. ಅದನ್ನು ಎಲ್ಲರಿಗಿಂತ ಹಿಂದೆ ಕೂತವರಿಗೂ ಕಟ್ಟಿಸಿದ ಮೇಲೆಯೇ ಗಾಡಿ ಹೊರಡಲಿ ಎಂದು ಹೇಳಬೇಕಾದದ್ದು ಮನೆಯ ಯಜಮಾನ.