ಜೀವಕೋಶ

ಜೀವಿಗಳ ರಚನೆಗೂ ಕಾರ್ಯಕ್ಕೂ ಮೂಲ ಘಟಕವಾದ ‘ಜೀವಕೋಶ’ದ ಹೆಸರಿನಲ್ಲಿರುವ ‘ಕೋಶ’ ಸಂಸ್ಕೃತದಿಂದ ಬಂದ ಪದವಾಗಿದ್ದು, ಒರೆ, ಬೊಕ್ಕಸ, ಸಂಗ್ರಹ ಎಂಬ ಅರ್ಥಗಳಲ್ಲಿ ರಾಜಕೋಶ, ಶಬ್ದಕೋಶ, ಮೂತ್ರಕೋಶ ಮೊದಲಾದ ಸಮಾಸಗಳ ಮೂಲಕ ಕನ್ನಡದಲ್ಲಿ ಬಳಕೆಯಾಗಿದೆ. ಇಂಗ್ಲಿಷಿನ ‘ಸೆಲ್’ ಪದಕ್ಕೆ ಮೂಲವಾದ ಲ್ಯಾಟಿನ್ನಿನ ‘ಸೆಲ್ಲಾ’ ಎಂದರೆ ಚಿಕ್ಕ ಕೋಣೆ. ವಿಜ್ಞಾನಿ ರಾಬರ್ಟ್ ಹುಕ್ ಬಿರಡೆಯ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಜೇನುಹುಟ್ಟಿನಂತೆ ಒತ್ತೊತ್ತಾಗಿ ಕಂಡ ಪುಟ್ಟ ಗೂಡುಗಳಿಗೆ 1665ರ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ‘ಸೆಲ್’ ಎಂಬ ಹೆಸರನ್ನು ಬಳಸಿದನು. ಆತ ಕಂಡದ್ದು ಸತ್ತ ಕೋಶಗಳ ಭಿತ್ತಿಗಳನ್ನು ಮಾತ್ರ. ಸಸ್ಯಕೋಶಕ್ಕೆ ಪೊರೆಯ ಹೊರಗೆ ಗಟ್ಟಿಯಾದ ಭಿತ್ತಿಯಿದ್ದು, ಪ್ರಾಣಿಕೋಶಕ್ಕೆ ಪೊರೆಯಷ್ಟೇ ಇರುವುದರಿಂದ, ‘ಕೋಶಭಿತ್ತಿ’ ಮತ್ತು ‘ಕೋಶಪೊರೆ’ ಎಂಬ ಪದಗಳಲ್ಲಿ ಒಂದರ ಬದಲು ಇನ್ನೊಂದನ್ನು ವಿದ್ಯಾರ್ಥಿಗಳು ಬಳಸಬಾರದು.