ತಕ್ಷಣದ ಬರಹ, ತಡೆದ ಬರಹ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆ ವಖಾರಿಗಳಲ್ಲಿ ಲೆಕ್ಕ ಬರೆದು ಪಳಗಿದವರಿಗೆ, ಎಲ್ಲ ಬರಹಕ್ಕೂ ಒಂದೇ ಅವಸರವಿಲ್ಲವೆಂಬುದು ಹೊಸ ಮಾತಲ್ಲ: ಚಾಲಿ, ರಾಶಿ, ಬೆಟ್ಟೆಗಳ ಚೀಲ ಬಂದುದನ್ನು ಚಿಟ್ಟಾದಲ್ಲಿ ಗುರುತಿಟ್ಟು ಸಾವಕಾಶವಾಗಿ ಖತಾವಣಿಗೆ ಏರಿಸಬಹುದು, ಹಣ ಸಲ್ಲುವ ವೋಚರಿಗೆ ರುಜು ಬೀಳುವ ತನಕ ಮಾತ್ರ ನಗದು ಪೆಟ್ಟಿಗೆ ತೆರೆಯಲಾಗದು. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ ಕಾಲಕ್ಕೆ ಮಸಿ ಕಾಗದಗಳಿಂದ ನಡೆಯುತ್ತಿದ್ದ ಈ ವಿವೇಚನೆಯನ್ನು ಈಗ ತಂತ್ರಾಂಶವು ನಡೆಸಬೇಕಾಗಿದೆ. ತಾನು ಮಾಡಿದುದನ್ನೂ ತನಗೊದಗಿದ ತೊಡಕನ್ನೂ ತಂತ್ರಾಂಶವು ಸಾಲುಸಾಲಾಗಿ ದಾಖಲಿಸುವ ಕಾರ್ಯಕ್ಕೆ ಲಾಗಿಂಗ್ ಎಂದು ಹೆಸರು. ಬರೆದು ಮುಗಿಯುವವರೆಗೆ ಮುಂದಿನ ಕೆಲಸವನ್ನು ತಡೆದು ನಿಲ್ಲಿಸುವುದು ಸಿಂಕ್ರೊನಸ್ ಕ್ರಮ. ಬರಹವನ್ನು ಸರದಿಯಲ್ಲಿಟ್ಟು ಕೆಲಸವು ಮುಂದೆ ಸಾಗಿ, ಬೇರೊಂದು ಥ್ರೆಡ್ ಅದನ್ನು ಹಿಂದಿನಿಂದ ಕಡತಕ್ಕೆ ಸೇರಿಸುವುದು ಅಸಿಂಕ್ರೊನಸ್ ಕ್ರಮ.

1980ರ ದಶಕದಲ್ಲಿ ಬರ್ಕ್ಲಿಯ ಎರಿಕ್ ಆಲ್‌ಮನ್ನರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶಕ್ಕಾಗಿ ರಚಿಸಿದ ಸಿಸ್‌ಲಾಗ್, ಕಾಲಕ್ರಮದಲ್ಲಿ ಯೂನಿಕ್ಸ್ ಜಗತ್ತಿಗೆಲ್ಲ ಸಾಮಾನ್ಯವಾದ ದಿನಚರಿಯಾಯಿತು. ಲಿನಕ್ಸಿನಲ್ಲಿ ಅದರ ಹಳೆಯ ರೂಪವು ಪ್ರತಿಯೊಂದು ಸಾಲನ್ನೂ ಡಿಸ್ಕಿಗೆ ಮುಟ್ಟಿಸಿದ ಮೇಲೆಯೇ ಮುಂದುವರಿಯುತ್ತಿತ್ತು. ಸಂರಚನೆಯ ಕಡತದಲ್ಲಿ ಲಾಗಿನ ಹೆಸರಿಗೆ ಮುನ್ನ ಒಂದು ಅಡ್ಡಗೆರೆಯನ್ನಿಟ್ಟರೆ ಆ ಕಟ್ಟು ಸಡಿಲವಾಗುತ್ತಿತ್ತು. ಇಷ್ಟು ಗುರುತರವಾದ ನಿರ್ಣಯವನ್ನು ಇಷ್ಟು ಸಣ್ಣ ಚಿಹ್ನೆಗೆ ವಹಿಸಿದ ಧೈರ್ಯಕ್ಕೆ ಬೆರಗಾಗದಿರುವುದು ಕಷ್ಟ. 2004ರಲ್ಲಿ ರೈನರ್ ಗೆರ್‌ಹಾರ್ಡ್ಸರು ಆರಂಭಿಸಿದ ಆರ್‌ಸಿಸ್‌ಲಾಗ್ ಮುಂದೆ ಸಡಿಲಿಕೆಯನ್ನೇ ರೂಢಿಯಾಗಿ ಸ್ವೀಕರಿಸಿ, ಬಿಗಿಯನ್ನು ಬೇಡುವವರು ಕೇಳಿ ಪಡೆಯತಕ್ಕದ್ದೆಂದು ವಿಧಿಸಿತು.

ಜಾವಾ ಭಾಷೆಯಲ್ಲಿ ಚೆಕಿ ಗ್ಯುಲ್ಜು ಅವರ ಲಾಗ್‌ಫೋರ್‌ಜೆ ಈ ವಿಷಯವನ್ನು ತಂತ್ರಾಂಶದ ಒಡಲೊಳಕ್ಕೇ ತಂದಿತು. ಅದರ ಅಸಿಂಕ್ ಅಪೆಂಡರಿನ ಸರದಿಯಲ್ಲಿ ತಾನಾಗಿ ಇದ್ದುದು 128 ಸಾಲುಗಳ ಎಡೆ. ಅವರದೇ ನಂತರದ ಕೃತಿಯಾದ ಲಾಗ್‌ಬ್ಯಾಕಿನಲ್ಲಿ ಅದು 256 ಆಯಿತು, ಮತ್ತು ಸರದಿಯಲ್ಲಿ ಐದನೆಯ ಒಂದು ಪಾಲಿಗಿಂತ ಕಡಿಮೆ ಎಡೆ ಉಳಿದಾಗ ಟ್ರೇಸ್, ಡೀಬಗ್, ಇನ್ಫೋ ದರ್ಜೆಯ ಸಾಲುಗಳನ್ನು ಸದ್ದಿಲ್ಲದೆ ಬಿಸುಡುವ ನಿಯಮವೂ ಜೊತೆಗೆ ಬಂದಿತು. ಲಂಡನ್ನಿನ ಎಲ್‌ಮ್ಯಾಕ್ಸ್ ವಿನಿಮಯ ಕೇಂದ್ರದವರು ಬೀಗಗಳಿಲ್ಲದೆ ನಡೆಯುವ ಡಿಸ್ರಪ್ಟರ್ ಎಂಬ ಚಕ್ರಾಕಾರದ ಸರದಿಯನ್ನು 2011ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ತರುವಾಯ, 2014ರ ಲಾಗ್‌ಫೋರ್‌ಜೆ 2 ಅದನ್ನೇ ಆಧಾರವಾಗಿ ಹಿಡಿದು 2,62,144 ಸಾಲುಗಳಿಗೆ ಎಡೆ ಕಲ್ಪಿಸಿತು. ವೇಗವು ಹೆಚ್ಚಿದುದು ನಿಜ. ಆದರೆ ಪ್ರಕ್ರಿಯೆಯು ಥಟ್ಟನೆ ಸತ್ತರೆ ಅದರೊಡನೆ ಅಳಿಯಬಹುದಾದ ಸಾಲುಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಹೆಚ್ಚಿತೆಂಬುದನ್ನು ವೇಗದ ಪ್ರಶಂಸಕರು ಪ್ರಾಯಶಃ ಮರೆಯುತ್ತಾರೆ.

ಲಾಗಿನ ಸಾಲು ಸಾಕ್ಷ್ಯವಾಗಿ ನಿಲ್ಲುವ ಸಂದರ್ಭಗಳು ನಮ್ಮ ನಾಡಿಗೆ ದೂರದವಲ್ಲ. ಸುಮಾರು 2 ಕೋಟಿ ಪಹಣಿಗಳನ್ನು 177 ತಾಲೂಕುಗಳಲ್ಲಿ ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ, ತಿದ್ದುಪಡಿ ಮಾಡುವ ನೌಕರನು ಬೆರಳಚ್ಚಿನಿಂದ ತನ್ನ ಗುರುತನ್ನು ಸ್ಥಾಪಿಸಬೇಕಾದುದು ಏತಕ್ಕೆಂದರೆ, ಇಂಥವನು ಇಂಥದನ್ನು ತಿದ್ದಿದನೆಂಬ ಬರಹವನ್ನು ಮುಂದೆ ಅವನೇ ಅಲ್ಲಗಳೆಯಬಾರದೆಂದು. 2022ರಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆಯಿತ್ತ ಮೇಲಂತೂ, ಘಟ್ಟದ ಹಳ್ಳಿಯ ಸೊಸೈಟಿಗೂ ಈ ಪ್ರಶ್ನೆ ಬಂದು ಮುಟ್ಟಿದೆ.

ಆದುದರಿಂದ ಇಡೀ ತಂತ್ರಾಂಶವನ್ನು ಒಂದೇ ಕ್ರಮಕ್ಕೆ ಒಪ್ಪಿಸುವುದಕ್ಕಿಂತ ಮಿಶ್ರ ಸಂರಚನೆಯೇ ಲೇಸೆಂದು ನನ್ನ ಮತ. ಲಾಗ್‌ಫೋರ್‌ಜೆ 2ರಲ್ಲಿ ಮೂಲ ಲಾಗರನ್ನು ಅಸಿಂಕ್ ಎಂದು ಘೋಷಿಸಿ, ಸಾಲ, ಠೇವಣಿ, ತೂಕಪಟ್ಟಿಗಳ ಆಡಿಟ್ ಲಾಗರನ್ನು ಮಾತ್ರ ಸಿಂಕ್ರೊನಸ್ ಆಗಿ ಉಳಿಸಿಕೊಳ್ಳಬಹುದು. ಆಡಿಟ್ ಬರಹಕ್ಕೆ ಸಿಂಕ್ರೊನಸ್ ಕ್ರಮವೇ ತಕ್ಕುದೆಂದು ಅದರ ಕೈಪಿಡಿಯೂ ಹೇಳುತ್ತದೆ. ಸಾಲು ಹೊರಟ ಕಡತ ಮತ್ತು ಗೆರೆಯ ಸಂಖ್ಯೆಯನ್ನು ಅಸಿಂಕ್ ಲಾಗರು ತಾನಾಗಿ ಕೊಡುವುದಿಲ್ಲ. ಕೇಳಿದರೆ ಕೊಡುತ್ತದೆ, ಆದರೆ ವೇಗದ ಬಹುಭಾಗವನ್ನು ಬೆಲೆಯಾಗಿ ಪಡೆಯುತ್ತದೆ. ಸೇವೆಯನ್ನು ನಿಲ್ಲಿಸುವಾಗ ಸರದಿ ಬರಿದಾಗುವಷ್ಟು ಕಾಲಾವಕಾಶವನ್ನೂ ಕೊಡಬೇಕು.

ಸಿಂಕ್ರೊನಸ್ ಎಂದ ಮಾತ್ರಕ್ಕೆ ಸಾಲು ಡಿಸ್ಕನ್ನು ಮುಟ್ಟಿತೆಂದಲ್ಲ. ತಕ್ಷಣ ಹರಿಯಬಿಡು ಎಂಬ ಆಯ್ಕೆಯು ಬರಹವನ್ನು ಆಪರೇಟಿಂಗ್ ಸಿಸ್ಟಮ್ಮಿನ ಕೈಗೆ ಒಪ್ಪಿಸುತ್ತದೆಯೇ ಹೊರತು, ಡಿಸ್ಕಿನ ಮೇಲೆ ಅದನ್ನು ಕೂರಿಸುವುದಿಲ್ಲ. ಅದಕ್ಕೆ ಎಫ್‌ಸಿಂಕ್ ಎಂಬ ಬೇರೆಯೇ ಆಜ್ಞೆ ಬೇಕು. ತಂತ್ರಾಂಶ ಮಾತ್ರ ಸತ್ತರೆ ಆ ಸಾಲು ಬದುಕುತ್ತದೆ, ಯಂತ್ರಕ್ಕೇ ಕರೆಂಟು ಹೋದರೆ ಬದುಕಲಾರದು. ಆಷಾಢದ ಗಾಳಿಮಳೆಗೆ ಮರ ಬಿದ್ದು ತಂತಿ ಕಡಿಯುವ ಈ ತಾಲೂಕುಗಳಲ್ಲಿ ಸಂರಚನೆಯ ಕಡತವನ್ನು ಬರೆಯುವವನು, ಯುಪಿಎಸ್ಸಿನ ಬ್ಯಾಟರಿಗೆ ಎಷ್ಟು ವಯಸ್ಸಾಯಿತೆಂದು ಮೊದಲು ವಿಚಾರಿಸುವುದು ಒಳ್ಳೆಯದು.