ಜಂಟಿ ಸಹಿಯ ಹಕ್ಕು: ವಿಜಯಪುರ ಜಿಲ್ಲೆಯ ಸಾರಿಗೆ ನಿವೃತ್ತರ ಪಿಂಚಣಿ ಪ್ರಶ್ನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಈ ನಾಲ್ಕೂ ಊರುಗಳಲ್ಲಿ ಸಾರಿಗೆ ನಿಗಮದ ಡಿಪೊಗಳಿವೆ. ಜೋಳ, ತೊಗರಿ ಬೆಳೆಯುವ ಈ ಸೀಮೆಯಲ್ಲಿ ಡಿಪೊದ ನೌಕರಿ ಎಂದರೆ ಮಳೆ ಕೈಕೊಟ್ಟ ವರ್ಷವೂ ತಪ್ಪದ ಸಂಬಳ. ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳು ನಿವೃತ್ತರಾದ ಮೇಲೆ ಆ ಭರವಸೆಯಲ್ಲಿ ಎಷ್ಟು ಉಳಿಯುತ್ತದೆ? ಅವರ ಪಿಂಚಣಿ ಹಕ್ಕು ಕಾನೂನಿನಲ್ಲಿ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗಿದೆ? ಇವೇ ಈ ಲೇಖನದ ಪ್ರಶ್ನೆಗಳು.

ಮೊದಲು ಮಾಲೀಕ ಯಾರೆಂಬುದನ್ನು ನೋಡಬೇಕು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. 2000ದಲ್ಲಿ ವಿಜಯಪುರ ವಿಭಾಗ ಈಶಾನ್ಯ ಸಾರಿಗೆ ನಿಗಮದ ಪಾಲಿಗೆ ಬಂತು. 2021ರಲ್ಲಿ ಅದೇ ನಿಗಮ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಯಿತು. ವಿಜಯಪುರ ಜಿಲ್ಲೆ ಕಂದಾಯದ ಲೆಕ್ಕದಲ್ಲಿ ಬೆಳಗಾವಿ ವಿಭಾಗಕ್ಕೆ ಸೇರಿದರೂ ಅದರ ಬಸ್ಸುಗಳ ಕೇಂದ್ರ ಕಚೇರಿ ಇರುವುದು ಕಲಬುರಗಿಯಲ್ಲಿ. 1990ರಲ್ಲಿ ಕೆಲಸಕ್ಕೆ ಸೇರಿ 2022ರಲ್ಲಿ ನಿವೃತ್ತನಾದ ನಿರ್ವಾಹಕ ಒಂದೇ ಡಿಪೊದಲ್ಲಿ ದುಡಿದಿದ್ದರೂ ಕಾಗದದಲ್ಲಿ ಮೂರು ಹೆಸರಿನ ಮಾಲೀಕರ ಕೆಳಗೆ ದುಡಿದಿದ್ದಾನೆ. ಹಳೆಯ ದಾಖಲೆ ಹುಡುಕುವ ದಿನ ಬಂದಾಗ ಇದು ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ.

2006ರ ಏಪ್ರಿಲ್ 1ಕ್ಕಿಂತ ಮೊದಲು ನೇಮಕವಾದ ಸರ್ಕಾರಿ ಶಾಲೆಯ ಮೇಷ್ಟರಿಗೆ ಕೊನೆಯ ವೇತನಕ್ಕೆ ತಕ್ಕ ಪಿಂಚಣಿಯೂ ಅದರ ಮೇಲೆ ತುಟ್ಟಿಭತ್ಯೆಯೂ ಉಂಟು. ಪಕ್ಕದ ಮನೆಯ ಬಸ್ ಚಾಲಕ ನಿಗಮದ ನೌಕರ. ಅವನಿಗೆ ಅನ್ವಯಿಸುವುದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ, ಜನ ಇಪಿಎಸ್-95 ಎಂದು ಕರೆಯುವುದು. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ ಎಂದು ಸಾರಿಗೆ ನೌಕರರು 2020ರ ಡಿಸೆಂಬರ್‌ನಲ್ಲಿ ಮುಷ್ಕರ ಹೂಡಿದ್ದನ್ನು ಹಲವರು ಬರೀ ಸಂಬಳದ ಜಗಳವೆಂದು ಓದಿದರು. ನನ್ನ ದೃಷ್ಟಿಯಲ್ಲಿ ಅದು ಮುಪ್ಪಿನ ಪ್ರಶ್ನೆಯೂ ಹೌದು.

ಈ ಯೋಜನೆಯ ಸೂತ್ರ ಸರಳ: ಪಿಂಚಣಿಗೆ ಅರ್ಹವಾದ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಪೆಟ್ಟು ಬೀಳುವುದು ಆ ವೇತನಕ್ಕೆ ಹಾಕಿದ ಮಿತಿಯಿಂದ. ಮೊದಲು 5,000 ರೂ. ಇದ್ದ ಮಿತಿ 2001ರ ಜೂನ್‌ನಿಂದ 6,500 ಆಯಿತು, 2014ರ ಸೆಪ್ಟೆಂಬರ್ 1ರಿಂದ 15,000. ಉದಾಹರಣೆಗೆ, 1996ರ ಜನವರಿಯಲ್ಲಿ ಸೇರಿದ ಚಾಲಕನಿಗೆ 2014ರ ಆಗಸ್ಟ್ ಕೊನೆಗೆ 58 ತುಂಬಿತು ಎನ್ನೋಣ. ಸೇವೆ 19 ವರ್ಷವೆಂದು ಎಣಿಕೆಯಾಗುತ್ತದೆ. ಪಿಂಚಣಿ ತಿಂಗಳಿಗೆ 1,764 ರೂ. ಅವನ ಕೊನೆಯ ವರ್ಷದ ಸರಾಸರಿ ವೇತನ 18,000 ಇದ್ದು, ಅದನ್ನೇ ಲೆಕ್ಕಕ್ಕೆ ಹಿಡಿದಿದ್ದರೆ 4,886 ರೂ. ಬರುತ್ತಿತ್ತು. 1996ರ ಸೆಪ್ಟೆಂಬರ್‌ನಲ್ಲಿ ಸೇರಿ 2024ರ ಆಗಸ್ಟ್‌ನಲ್ಲಿ 58 ಮುಟ್ಟಿದವನಿಗೆ ಮೊದಲ 18 ವರ್ಷ ಹಳೆಯ ಮಿತಿ, ಮುಂದಿನ 10 ವರ್ಷ ಹೊಸ ಮಿತಿ. 20 ವರ್ಷ ದಾಟಿದವರಿಗೆ ಸಿಗುವ ಎರಡು ವರ್ಷದ ಬೋನಸ್ ಸೇರಿಸಿದರೂ ಮೊತ್ತ 4,300 ದಾಟದು. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಕನಿಷ್ಠ ಪಿಂಚಣಿ 3,000 ರೂ. ಆಗಲಿ ಎಂದು ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ 2013ರಲ್ಲಿ ಶಿಫಾರಸು ಮಾಡಿತು. ಮರುವರ್ಷ ಸಿಕ್ಕಿದ್ದು 1,000.

ಪೂರ್ಣ ವೇತನದ ಮೇಲೆ ಪಿಂಚಣಿ ಪಡೆಯಲು ದಾರಿ ಇರಲಿಲ್ಲವೇ? ಇತ್ತು. 1996ರ ಮಾರ್ಚ್ 16ರಿಂದ ಯೋಜನೆಯ 11(3)ನೇ ಪ್ಯಾರಾಕ್ಕೆ ಸೇರಿದ ಷರತ್ತಿನ ಪ್ರಕಾರ, ಮಿತಿ ಮೀರಿದ ವೇತನದ ಮೇಲೂ ಮಾಲೀಕ ಶೇ. 8.33ರ ವಂತಿಗೆ ಕಟ್ಟಬಹುದಿತ್ತು. ಆದರೆ ಅರ್ಜಿ ಜಂಟಿಯಾಗಿರಬೇಕು: ನೌಕರನದೊಂದು ಸಹಿ, ಮಾಲೀಕನದೊಂದು. ನನ್ನ ವಾದ ನಿಂತಿರುವುದು ಈ ಎರಡನೆಯ ಸಹಿಯ ಮೇಲೆ. ರಾತ್ರಿ ವಸತಿ ಬಸ್ಸಿನಲ್ಲಿ ಹಳ್ಳಿಗೆ ಹೋಗಿ ಬೆಳಗಿನ ಟ್ರಿಪ್ಪಿಗೆ ಮರಳುವ ನಿರ್ವಾಹಕ ಇಂಥ ಪ್ಯಾರಾವನ್ನು ತಾನಾಗಿ ಓದಿ ತಿಳಿದು ಅರ್ಜಿ ಹಾಕಬೇಕಿತ್ತು ಎನ್ನುವುದು ನ್ಯಾಯವಲ್ಲ. ತಿಳಿಸಬೇಕಾದ ಹೊಣೆ ಸಂಬಳದ ಪಟ್ಟಿ ಮಾಡುವವರದು, ವಂತಿಗೆ ತುಂಬಿಸಿಕೊಳ್ಳುವವರದು.

ಸುಪ್ರೀಂ ಕೋರ್ಟು 2016ರ ಅಕ್ಟೋಬರ್‌ನಲ್ಲಿ ಆರ್.ಸಿ. ಗುಪ್ತಾ ಪ್ರಕರಣದಲ್ಲಿ, ಈ ಜಂಟಿ ಆಯ್ಕೆಗೆ ಕೊನೆಯ ದಿನಾಂಕವೆಂಬುದಿಲ್ಲ ಎಂದಿತು. 2022ರ ನವೆಂಬರ್ 4ರಂದು ಮೂವರು ನ್ಯಾಯಮೂರ್ತಿಗಳ ಪೀಠ ಸುನಿಲ್ ಕುಮಾರ್ ಪ್ರಕರಣದಲ್ಲಿ, ವೇತನ ಮಿತಿಯನ್ನು 15,000ಕ್ಕೆ ಏರಿಸಿದ 2014ರ ತಿದ್ದುಪಡಿಗಳನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 2014ರ ಸೆಪ್ಟೆಂಬರ್ 1ರಂದು ಸೇವೆಯಲ್ಲಿದ್ದವರಿಗೆ ಆಯ್ಕೆಗೆ ಇನ್ನೂ ನಾಲ್ಕು ತಿಂಗಳು ಸಿಕ್ಕಿತು. ಆ ಗಡುವು ಮುಂದೆ 2023ರ ಜುಲೈ 11ರವರೆಗೂ ಬೆಳೆಯಿತು. ಆದರೆ 2014ರ ಸೆಪ್ಟೆಂಬರ್ 1ಕ್ಕೆ ಮುಂಚೆ, ಆಯ್ಕೆ ಸಲ್ಲಿಸದೆ ನಿವೃತ್ತರಾದವರು ಹೊರಗುಳಿದರು. ಮೇಲಿನ ಉದಾಹರಣೆಯ ಮೊದಲ ಚಾಲಕ ಒಂದೇ ದಿನದ ಅಂತರದಲ್ಲಿ ಬಾಗಿಲ ಆಚೆ ಉಳಿದವನು.

ಇದೇ ಯೋಜನೆಯ ಇನ್ನೊಂದು ಕಡೆ ಬೇರೆಯೇ ತತ್ವವಿದೆ. ಸೇವೆಯನ್ನು ಎಣಿಸುವಾಗ ವಂತಿಗೆ ‘ಬಂದಿರಬೇಕು ಅಥವಾ ಬರಬೇಕಾಗಿರಬೇಕು’ ಎಂಬುದಷ್ಟೇ ನಿಯಮ. ಅಂದರೆ ಮಾಲೀಕ ಹಣ ಕಟ್ಟದೆ ಬಾಕಿ ಉಳಿಸಿಕೊಂಡರೂ ನೌಕರನ ಸೇವೆ ಮುಕ್ಕಾಗುವುದಿಲ್ಲ. ಈ ರಕ್ಷಣೆ ಎಷ್ಟು ಅಗತ್ಯವೆಂಬುದಕ್ಕೆ ದೂರ ಹೋಗಬೇಕಿಲ್ಲ. ಇಂಧನ ಮತ್ತು ಭವಿಷ್ಯ ನಿಧಿಯ ಬಾಕಿ ತೀರಿಸಲು ನಾಲ್ಕು ಸಾರಿಗೆ ನಿಗಮಗಳು 2,000 ಕೋಟಿ ರೂ. ಸಾಲ ಪಡೆಯಲು 2025ರ ಜನವರಿ ಹೊತ್ತಿಗೆ ರಾಜ್ಯ ಸರ್ಕಾರ ಅನುಮತಿ ಕೊಡಬೇಕಾಯಿತು. ಅದರಲ್ಲಿ ಕಲ್ಯಾಣ ಕರ್ನಾಟಕ ನಿಗಮದ ಪಾಲು 141 ಕೋಟಿ. ಮಾಲೀಕ ಹಣ ಕಟ್ಟದಿದ್ದರೆ ನೌಕರನಿಗೆ ನಷ್ಟವಿಲ್ಲ ಎನ್ನುವ ಕಾನೂನು, ಮಾಲೀಕ ಸಹಿ ಹಾಕದಿದ್ದರೆ ನೌಕರನಿಗೇ ನಷ್ಟ ಎನ್ನುವುದು ಹೇಗೆ ಹೊಂದುತ್ತದೆ? ಪೂರ್ಣ ವೇತನದ ಮೇಲೆ ಪಿಎಫ್ ಮುರಿದುಕೊಂಡ ದಾಖಲೆ ಇದ್ದರೆ ಅದನ್ನೇ ಮಾಲೀಕನ ಒಪ್ಪಿಗೆಯೆಂದು ಓದಬೇಕು. ಗುಪ್ತಾ ತೀರ್ಪಿನ ತಿರುಳೂ ಇದಕ್ಕೆ ಹತ್ತಿರವಾದದ್ದೇ. ವ್ಯತ್ಯಾಸದ ವಂತಿಗೆಯನ್ನು ಬಡ್ಡಿಸಮೇತ ನಿವೃತ್ತರು ಹಿಂದಿರುಗಿಸಬೇಕಾಗುತ್ತದೆ ನಿಜ. ಆ ಮೊತ್ತವನ್ನು ಪಿಂಚಣಿಯ ಹಿಂಬಾಕಿಯಲ್ಲಿಯೇ ಮುರಿದುಕೊಳ್ಳಬಹುದು.

ಸಿಕ್ಕ ಪಿಂಚಣಿಯನ್ನು ಉಳಿಸಿಕೊಳ್ಳುವುದೂ ಒಂದು ದುಡಿಮೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಡಿಪೊ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ಗ್ರೀಸು, ಡೀಸೆಲ್ಲಿನಲ್ಲಿ ಕೈಯಾಡಿಸಿದ ಮೆಕ್ಯಾನಿಕ್‌ನ ಹೆಬ್ಬೆಟ್ಟಿನ ಗೆರೆ ಸವೆದಿರುತ್ತದೆ. ಒರೆಸಿ, ಒದ್ದೆ ಮಾಡಿ, ಮತ್ತೆ ಒತ್ತಿದರೂ ಯಂತ್ರ ಗುರುತು ಹಿಡಿಯುವುದಿಲ್ಲ. ಮುಖ ನೋಡಿ ಗುರುತಿಸುವ ಮೊಬೈಲ್ ವ್ಯವಸ್ಥೆ ಈಗ ಬಂದಿದೆ. ಅಂಚೆಯವರು ಮನೆಬಾಗಿಲಲ್ಲೇ ಮಾಡಿಕೊಡುತ್ತಾರೆ. ಹೆಸರಿನ ತೊಡಕು ಇದಕ್ಕಿಂತ ಕಠಿಣ. ಸೇವಾ ಪುಸ್ತಕದಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ; ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಮನೆತನದ ಹೆಸರು ಮುಂದೆ. ಪತಿ ತೀರಿಕೊಂಡ ಮೇಲೆ ಅರ್ಧ ಪಿಂಚಣಿಗೆ ಅರ್ಜಿ ಹಾಕುವ ಹೆಣ್ಣುಮಗಳು ಈ ಎಲ್ಲ ಹೆಸರುಗಳೂ ಒಬ್ಬನವೇ ಎಂದು ಸಾಧಿಸಬೇಕು.

ಭವಿಷ್ಯ ನಿಧಿ ಸಂಘಟನೆ 2023ರಿಂದ ಪ್ರತಿ ತಿಂಗಳ 27ರಂದು ಜಿಲ್ಲೆಗೊಂದರಂತೆ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಸುತ್ತಿದೆ. ಇದು ಒಳ್ಳೆಯ ಕೆಲಸ. ಆದರೆ ಮುದ್ದೇಬಿಹಾಳದ ಎಪ್ಪತ್ತೈದರ ಹಿರಿಯರಿಗೆ ಜಿಲ್ಲಾ ಕೇಂದ್ರವೂ ಹತ್ತಿರದ ಊರಲ್ಲ. ಶಿಬಿರ ಈ ನಾಲ್ಕು ಡಿಪೊಗಳ ಅಂಗಳಕ್ಕೆ ಸರದಿಯಂತೆ ಬರಲಿ. ನಿಗಮದ ಗುಮಾಸ್ತರು ಸೇವಾ ಪುಸ್ತಕ, ವೇತನ ಪಟ್ಟಿಗಳೊಂದಿಗೆ ಅಲ್ಲಿ ಕೂರಲಿ. 1996ರ ಮಾರ್ಚ್‌ನಿಂದ 2014ರ ಆಗಸ್ಟ್‌ವರೆಗೆ ನಿವೃತ್ತರಾದವರಲ್ಲಿ ಯಾರಿಗೆ ಪೂರ್ಣ ವೇತನದ ಮೇಲೆ ಪಿಎಫ್ ಕಡಿತವಾಗಿತ್ತು ಎಂಬ ಪಟ್ಟಿಯನ್ನು ನಿಗಮವೇ ದೃಢೀಕರಿಸಿ ಪ್ರಕಟಿಸಲಿ. ಆ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು 11ನೇ ಪ್ಯಾರಾದ ತಿದ್ದುಪಡಿಗೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಲಿ. ಪಟ್ಟಿ ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. 58 ತುಂಬಿ ಆ ಸಾಲಿನಲ್ಲಿ ಕೊನೆಗೆ ನಿವೃತ್ತರಾದವರಿಗೂ ಈಗ ಎಪ್ಪತ್ತರ ಆಸುಪಾಸು ವಯಸ್ಸು. ಕೆಲಸ ಈ ವರ್ಷವೇ ಆರಂಭವಾಗಬೇಕು.